ಒಂಬತ್ತು ದಿನ ಆರದ ಕಂಪ್ಯೂಟರು

ಕೆಟ್ಟುಹೋದ ವಸ್ತುಗಳ ಬಗ್ಗೆ ನನಗೆ ಅಂಥ ಭಯವೇನೂ ಇಲ್ಲ. ಕೆಟ್ಟಿದೆ ಎಂಬುದಾದರೂ ಖಾತ್ರಿ ಇರುತ್ತದೆ. ಯಾರನ್ನಾದರೂ ಕರೆದು ತೋರಿಸಬಹುದು, ನಾಲ್ಕು ಮಾತು ಬೈಯಬಹುದು, ತೀರಾ ಬೇಸರ ಬಂದರೆ ಎತ್ತಿ ಅಟ್ಟಕ್ಕೆ ಹಾಕಬಹುದು. ನಾನು ಹೆದರುವುದು ಹೇಗೆ ಸರಿಹೋಯಿತೆಂದು ಗೊತ್ತಾಗದೆಯೇ ಸರಿಹೋದ ವಸ್ತುಗಳಿಗೆ. ನನ್ನ ಸ್ಕೂಟರನ್ನು ಎಡಕ್ಕೆ ವಾಲಿಸಿ, ಮೂರು ಎಣಿಸಿ ಒದ್ದರೆ ಚಾಲೂ ಆಗುತ್ತದೆ; ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಮಳೆ ಬೆಳೆಯ ಮಾತು ತೆಗೆಯುತ್ತೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನು ಕಾರಣ ಗೊತ್ತಿಲ್ಲದ ಫಲವನ್ನು ಒಪ್ಪಬಾರದು. ನಾನು ಒಪ್ಪಿದ್ದೇನೆ. ಅಷ್ಟೇ ಅಲ್ಲ, ಅಂಥದೊಂದು ಫಲವನ್ನು ಕಾಯುವುದಕ್ಕಾಗಿ ಒಂಬತ್ತು ದಿನ ಇಡೀ ಮನೆಯನ್ನು ಸೆಕೆಯಲ್ಲಿ ಕೂರಿಸಿದ್ದೇನೆ. ಅದನ್ನೇ ಈಗ ಹೇಳಿಕೊಳ್ಳಲು ಹೊರಟಿರುವುದು.

ಇಳಕಲ್ಲಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಊರಿನಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಲಿನಕ್ಸ್ ಇದ್ದದ್ದು ನಮ್ಮದೊಂದೇ. ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಸಿಡಿಯಿಂದ ಅದನ್ನು ನಾನೇ ಹಾಕಿಕೊಂಡಿದ್ದೆ. ಆಮೇಲೆ ಒಂದು ತಿಂಗಳು ಸ್ಟಾಫ್ ರೂಮಿನಲ್ಲಿ ನನ್ನ ಕೈಗೆ ಸಿಕ್ಕವರಿಗೆಲ್ಲ ಅದರ ಗುಣಗಾನ ಮಾಡಿದೆ. ವೈರಸ್ ಬರುವುದಿಲ್ಲ, ಒಳಗಿನದೆಲ್ಲ ಬಿಚ್ಚಿ ನೋಡಬಹುದು, ಬೇಕಾದರೆ ನಾವೇ ತಿದ್ದಬಹುದು ಎಂದೆಲ್ಲ ಹೇಳುತ್ತಿದ್ದೆ. ತಿದ್ದಿದ್ದೀರಾ ಎಂದು ಯಾರೂ ಕೇಳಲಿಲ್ಲ. ಇಳಕಲ್ಲಿನ ಜನ ಸಂಭಾವಿತರು. ಆದರೆ ನಾನು ಟೀ ಕುಡಿಯಲು ಒಳಗೆ ಬಂದರೆ ಗಣಿತದ ಮೇಷ್ಟ್ರು ಪೇಪರನ್ನು ಮುಖಕ್ಕೆ ಹಿಡಿದುಕೊಳ್ಳಲು ಶುರುಮಾಡಿದ್ದು ಆಗಲೇ.

ಹುನಗುಂದದಿಂದ ಬಂದ ಲೈನ್‌ಮನ್ ಫೋನಿನ ತಂತಿಗೆ ಮೋಡೆಮ್ ಜೋಡಿಸಿದ. ಅದರ ಇನ್ನೊಂದು ತಂತಿಯನ್ನು ಕಂಪ್ಯೂಟರಿನ ಯುಎಸ್‌ಬಿ ತೂತಿಗೆ ಚುಚ್ಚಿ, ತನ್ನ ಸಿಡಿ ಹಾಕಿ, ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದ. "ಸರ್, ಇದ್ಯಾವ ನಮೂನಿ ಕಂಪ್ಯೂಟರ್ ರಿ?" ಎಂದ. ನಾನು ಲಿನಕ್ಸ್ ಎಂದೆ. "ಹಂಗಾದ್ರ ನಮ್ಮ ಸಿಡಿ ನಡಿಯಂಗಿಲ್ಲ. ನೀವ ಶಾಣ್ಯಾ ಅದೀರಿ, ಮಾಡ್ಕೋರಿ" ಎಂದು ಚಹಾ ಕುಡಿದು ಹೋದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಗೌರವವಿತ್ತು. ನನ್ನನ್ನು ಹಾಳು ಮಾಡಿದ್ದು ಆ ಗೌರವವೇ. ಅವತ್ತೇ ಅವನ ಕೈಕಾಲು ಹಿಡಿದು ಬೇರೆ ದಾರಿ ಕೇಳಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ.

ಆಗ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಕಂಪ್ಯೂಟರಿನ ನಡುಮನೆಯಲ್ಲಿ ಕರ್ನೆಲ್ ಎಂಬ ಒಬ್ಬ ಹಿರಿಯ ಇರುತ್ತಾನೆ. ಎಲ್ಲ ವ್ಯವಹಾರ ಅವನದೇ. ಆದರೆ ಹೊರಗಿನಿಂದ ಬಂದ ಯಾರ ಗುರುತೂ ಅವನಿಗಿಲ್ಲ. ಬಂದವರನ್ನು ಪರಿಚಯ ಮಾಡಿಕೊಡುವುದಕ್ಕೆ ಒಬ್ಬೊಬ್ಬರಿಗೂ ಒಬ್ಬೊಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥನಿಗೆ ಮಾಡ್ಯೂಲ್ ಎಂದು ಹೆಸರು. ನಮ್ಮ ಮೋಡೆಮ್ ವಿಷಯದಲ್ಲಿ ಇಬ್ಬರು ಮಧ್ಯಸ್ಥರು ನಾ ಮುಂದೆ ತಾ ಮುಂದೆ ಎಂದು ಬರುತ್ತಿದ್ದರು. ತಪ್ಪು ಮನುಷ್ಯ ಮೊದಲು ಬಂದು ಕುರ್ಚಿ ಹಿಡಿದರೆ ಮೋಡೆಮ್ ಮುಖ ತಿರುಗಿಸಿ ಕೂತುಬಿಡುತ್ತಿತ್ತು. ಅವನನ್ನು ಎಬ್ಬಿಸಿ ಕಳಿಸಲು ಒಂದು ಅಪ್ಪಣೆ, ಇನ್ನೊಬ್ಬನನ್ನು ಕರೆಯಲು ಒಂದು ಅಪ್ಪಣೆ. ಇಷ್ಟನ್ನು ನಾನು ಕಾಲೇಜಿನ ಲೈಬ್ರರಿಯ ಪುಸ್ತಕದಿಂದ ಓದಿಕೊಂಡಿದ್ದೆ. ಇಂಟರ್ನೆಟ್ ಸರಿಮಾಡುವುದು ಹೇಗೆ ಎಂಬುದರ ಎಲ್ಲ ವಿವರ ಇಂಟರ್ನೆಟ್ಟಿನಲ್ಲಿದೆ ಎಂದು ಆ ಪುಸ್ತಕದಲ್ಲೇ ಬರೆದಿತ್ತು.

ಇದು ನನ್ನೊಬ್ಬನ ಹುಚ್ಚಾಗಿದ್ದರೆ ನಿಧಾನಕ್ಕೆ ಮಾಡಿಕೊಳ್ಳಬಹುದಿತ್ತು. ಆದರೆ ನನ್ನ ಹೆಂಡತಿ ಶಾರದಾಳ ಒಂದು ಕೆಲಸ ಇದಕ್ಕೆ ತಳುಕು ಹಾಕಿಕೊಂಡಿತ್ತು. ಅವಳು ನೇಕಾರರ ಮನೆಯ ಮಗಳು. ಇಳಕಲ್ ಸೀರೆಯಲ್ಲಿ ಉದ್ದುದ್ದ ಎಳೆಗಳ ಹಾಸು ಮೈಗೇ ಬೇರೆ, ಸೆರಗಿಗೇ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸವನ್ನು ಬಹಳ ಮನೆಗಳಲ್ಲಿ ಹೆಂಗಸರೇ ಮಾಡುತ್ತಾರೆ. ಸೀರೆಗೆ ಅಂಗಡಿಯ ಹೆಸರು ಬರುತ್ತದೆ, ಅಪರೂಪಕ್ಕೆ ನೇಯ್ದವರ ಹೆಸರೂ ಬರುತ್ತದೆ, ಕೊಂಡಿ ಹಾಕಿದವಳ ಹೆಸರನ್ನು ಯಾರೂ ಕೇಳುವುದಿಲ್ಲ. ಶಾರದಾ ತನ್ನಂಥ ಹತ್ತು ಜನರನ್ನು ಕೂಡಿಸಿ ಒಂದು ಸಂಘ ಮಾಡಿದ್ದಳು. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ತಮ್ಮ ಹೆಸರಿನಲ್ಲೇ ಮಳಿಗೆ ಇಡಬೇಕು ಎಂಬುದು ಅವರ ಆಸೆ. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕು, ಹೊಸದಾಗಿ ನೇಯ್ದ ಒಂದು ಸೀರೆಯ ಮೂರು ಫೋಟೋ ಕಳಿಸಬೇಕು. ಕೊನೆಯ ದಿನ ನವರಾತ್ರಿಯ ಒಂಬತ್ತನೆಯ ದಿನ, ಎಂದರೆ ಆಯುಧಗಳ ಖಂಡೇ ಪೂಜೆಯ ದಿನ, ಸಂಜೆ ಐದು ಗಂಟೆ. ಸೀರೆ ಇನ್ನೂ ಎರಡು ಓಣಿ ಆಚೆ ನಮ್ಮ ಮಾವ ಈರಪ್ಪನವರ ಮಗ್ಗದ ಮೇಲಿತ್ತು.

"ಸೈಬರ್ ಸೆಂಟರಿನ್ಯಾಗ ಮಾಡಿಸಿದ್ರ ಆಗೂದಿಲ್ಲೇನ್ರಿ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಟ್ಟುಕೊಂಡು ಸೈಬರ್ ಸೆಂಟರಿನಲ್ಲಿ ಪಾಳಿ ಹಚ್ಚಿ ನಿಲ್ಲುವುದೇ? ಅಲ್ಲಿ ನನ್ನ ಕಾಲೇಜಿನ ಹುಡುಗರು ಇರುತ್ತಾರೆ. ಲಿನಕ್ಸಿನ ಬಗ್ಗೆ ಅವರಿಗೂ ಸಾಕಷ್ಟು ಹೇಳಿದ್ದೆ. "ಮನ್ಯಾಗ ಕುಂತ ಕಳಸೂಣಂತ. ನೀ ಸೀರಿ ಕಡೆ ನೋಡು, ಇದನ್ನ ನನಗ ಬಿಡು" ಎಂದೆ. ಅವಳು ನನಗೆ ಬಿಟ್ಟಳು. ಮದುವೆಯಾಗಿ ಅಷ್ಟು ವರ್ಷವಾದ ಮೇಲೂ ನನ್ನ ಮಾತನ್ನು ಹೀಗೆ ನಂಬಿಬಿಡುತ್ತಾಳಲ್ಲ ಎಂದು ಆಗ ಹೆಮ್ಮೆ ಎನಿಸಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನವರಾತ್ರಿಯ ಮೊದಲ ದಿನ ನಮ್ಮ ಮನೆಯಲ್ಲಿ ದೀಪ ಹಾಕುತ್ತಾರೆ. ಶಾರದಾಳ ತವರಿನವರಿಗೆ ಬಾದಾಮಿಯ ಬನಶಂಕರಿ ಮನೆದೇವರು. ಆ ನಡತೆಯನ್ನು ಅವಳು ನಮ್ಮ ಮನೆಗೂ ತಂದಿದ್ದಾಳೆ. ಹಚ್ಚಿದ ದೀಪ ಒಂಬತ್ತು ದಿನ ಆರಬಾರದು. ಮನೆಗೆ ಬೀಗ ಹಾಕುವಂತಿಲ್ಲ, ದೀಪ ಹಚ್ಚಿದವಳು ಹೊಸ್ತಿಲು ದಾಟುವಂತಿಲ್ಲ. ಅವಳು ದೀಪ ಹಚ್ಚಿ, ದೇವರ ಕೋಣೆ ಮತ್ತು ಕಂಪ್ಯೂಟರ್ ಎರಡೂ ಕಾಣುವಂತೆ ನಡುವಿನ ಬಾಗಿಲಲ್ಲಿ ಕೂತಿದ್ದಳು. ನಾನು ಬೆಳಗಿನಿಂದ ಅಪ್ಪಣೆಗಳನ್ನು ಟೈಪಿಸುತ್ತಲೇ ಇದ್ದೆ. ಒಬ್ಬ ಮಾಡ್ಯೂಲನ್ನು ಕರೆ, ಅವನನ್ನು ಕಳಿಸು, ಇನ್ನೊಬ್ಬನನ್ನು ಕರೆ, ಹೆಸರಿನಲ್ಲಿ ತಪ್ಪು ಮಾಡು, ಮತ್ತೆ ಕರೆ. ಅದೇನಾಯಿತೋ, ಮಧ್ಯಾಹ್ನ ಒಂದರ ಸುಮಾರಿಗೆ ಮೋಡೆಮ್ಮಿನ ಎರಡು ಹಸಿರು ದೀಪಗಳು ಹೊತ್ತಿಕೊಂಡವು. ಪರದೆಯ ಮೇಲೆ ಇಂಟರ್ನೆಟ್ ಬಂತು. ನಾನು ಕುರ್ಚಿಯಿಂದ ಎದ್ದು ನಿಂತೆ. ಶಾರದಾ "ಬಂತಲ್ಲ" ಎಂದು ನಕ್ಕಳು. "ಬರದ ಎಲ್ಲಿ ಹೊಕ್ಕೈತಿ" ಎಂದೆ.

ಹೇಗೆ ಬಂತು ಎಂಬುದು ನನಗೆ ಗೊತ್ತಿರಲಿಲ್ಲ. ಟೈಪಿಸಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಗುಣ ಲಿನಕ್ಸಿಗಿದೆ. ಆದರೆ ಅದು ಬಾಯಿಪಾಠದ ನೆನಪು, ಕಂಪ್ಯೂಟರನ್ನು ಆರಿಸುವಾಗ ಕ್ರಮವಾಗಿ ಬಾಗಿಲು ಮುಚ್ಚಿಕೊಂಡು ಹೋದರೆ ಮಾತ್ರ ಪುಸ್ತಕಕ್ಕೆ ಇಳಿಯುತ್ತದೆ. ತೆಗೆದು ನೋಡಿದೆ, ಪರದೆಯ ಮೂರು ಕಿಟಕಿಗಳಲ್ಲಿ ಹಿಂದುಮುಂದಾಗಿ ಹರಡಿಕೊಂಡಿದ್ದ ಸಾಲುಗಳು. ಯಾವುದರ ನಂತರ ಯಾವುದು ಎಂದು ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ಬರೆದುಕೊಂಡರಾಯಿತು ಎಂದುಕೊಂಡೆ. ನನ್ನ ಬದುಕಿನ ಎಷ್ಟೋ ಕೆಲಸಗಳು ಈ ಆಮೇಲೆ ಎಂಬ ಊರಿನಲ್ಲೇ ಬೀಡು ಬಿಟ್ಟಿವೆ. ಸದ್ಯಕ್ಕೆ ಒಂದೇ ಉಪಾಯ, ಸೀರೆ ಮಗ್ಗದಿಂದ ಇಳಿದು ಫೋಟೋ ಹೋಗುವವರೆಗೆ ಕಂಪ್ಯೂಟರನ್ನು ಆರಿಸಬಾರದು.

ಆಗ ಇಳಕಲ್ಲಿನಲ್ಲಿ ಕರೆಂಟು ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಎರಡು ತಾಸು ಹೋಗುತ್ತಿತ್ತು. ನಮ್ಮಲ್ಲೊಂದು ಇನ್ವರ್ಟರ್ ಇತ್ತು. ಕಂಪ್ಯೂಟರ್ ಒಂದನ್ನೇ ನಡೆಸಿದರೆ ಮೂರು ತಾಸು ಬರುತ್ತದೆ, ಫ್ಯಾನು ಹಾಕಿದರೆ ಒಂದೂವರೆ. ಹಾಗಾಗಿ ಕರೆಂಟು ಹೋದಾಗ ಫ್ಯಾನು ಹಾಕಕೂಡದೆಂದು ಫರ್ಮಾನು ಹೊರಡಿಸಿದೆ. ಸ್ವಿಚ್ಚಿನ ಮೇಲೆ ಕಾಗದ ಅಂಟಿಸಿದೆ; ನಿಜವಾದ ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ. ದೀಪ ನೋಡಲು ಬಂದ ಮುತ್ತೈದೆಯರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಉಡಿ ತುಂಬಿಸಿಕೊಂಡು ಬೇಗ ಬೇಗ ಎದ್ದು ಹೋಗುತ್ತಿದ್ದರು. ನಾನು ತಪ್ಪಿತಸ್ಥನಂತೆ ಬಾಗಿಲಲ್ಲಿ ನಿಂತು ಚಪ್ಪಲಿ ಸರಿಸಿ ಕೊಡುತ್ತಿದ್ದೆ.

ಮನೆಯವರು ಇದನ್ನು ನಾನು ಅಂದುಕೊಂಡದ್ದಕ್ಕಿಂತ ಸುಲಭವಾಗಿ ಒಪ್ಪಿಕೊಂಡರು. ಆರಬಾರದ್ದನ್ನು ಕಾಯುವುದು ಅವರಿಗೆ ಹೊಸತಲ್ಲ. ಮಾವ ಒಂದು ಸಂಜೆ ಮಗ್ಗದಿಂದ ಎದ್ದು ಬಂದರು. ದೇವರಿಗೆ ಕೈಮುಗಿದು, ಕಂಪ್ಯೂಟರಿನ ಮುಂದೆಯೂ ಒಂದು ಗಳಿಗೆ ನಿಂತು, "ಇದಕ್ಕ ಎಣ್ಣಿ ಯಾವಾಗ ಹಾಕ್ತೀರಿ?" ಎಂದರು. ಚೇಷ್ಟೆಯೋ ನಿಜವಾದ ಪ್ರಶ್ನೆಯೋ ಅವರ ಮುಖ ನೋಡಿ ಹೇಳಲಾಗುವುದಿಲ್ಲ. ಇನ್ವರ್ಟರ್ ತೋರಿಸಿದೆ. ಅವರು ತಲೆಯಾಡಿಸಿ, "ಬತ್ತಿ ಮಾತ್ರ ಚಲೋ ಐತಿ" ಎಂದು ಹೋದರು.

ಒಪ್ಪದವನು ನನ್ನ ಅಣ್ಣ ಒಬ್ಬನೇ. ಅವನಿರುವುದು ಬಾಗಲಕೋಟೆಯ ನವನಗರದಲ್ಲಿ. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ನಮ್ಮ ಓಣಿಯವರೆಲ್ಲ ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಚದುರಿದರು. ಅಂದಿನಿಂದ ಅವನಿಗೆ ಫೋನಿನಲ್ಲಿ ಮಾತಾಡುವ ಚಟ. ದಿನಾ ಸಂಜೆ ಏಳಕ್ಕೆ ಮಾಡುತ್ತಾನೆ, ಯಾವ ಸೆಕ್ಟರಿನಲ್ಲಿ ಯಾರು ಸಿಕ್ಕರು ಎಂದು ವರದಿ ಕೊಡುತ್ತಾನೆ. ನಮ್ಮಲ್ಲಿ ಗಂಟೆ ಬಾರಿಸಿದರೆ ಮೋಡೆಮ್ಮಿನ ದೀಪ ಮಿಣುಕುತ್ತಿತ್ತು, ಜೊತೆಗೆ ನನ್ನ ಎದೆಯೂ. ಒಂಬತ್ತು ದಿನ ಫೋನು ಮಾಡಬೇಡ ಎಂದೆ. "ಊರು ಮುಳಗಿದಾಗೂ ನಾವು ಮಾತು ಬಿಟ್ಟಿದ್ದಿಲ್ಲೋ ತಮ್ಮಾ" ಎಂದು ಇಟ್ಟುಬಿಟ್ಟ. ಮರುದಿನದಿಂದ ಏಳು ಗಂಟೆಯಾದರೆ ನಾನೇ ಫೋನಿನ ಸುತ್ತ ತಿರುಗುತ್ತಿದ್ದೆ.

ಖಂಡೇ ಪೂಜೆಯ ಹಿಂದಿನ ಸಂಜೆ ಸೀರೆ ಮಗ್ಗದಿಂದ ಇಳಿಯಿತು. ಕಪ್ಪು ಮೈ, ಅಂಚಿಗೆ ದಾಳಿಂಬೆ ಬಣ್ಣದ ದಡಿ, ಕೆಂಪು ಬಿಳಿ ಸೆರಗು. ಕೊಂಡಿ ಹಾಕಿದ ಕಡೆ ಬೆರಳಾಡಿಸಿದರೆ ಒಂದು ಗಂಟೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಬಿಸಿಲಿನಲ್ಲಿ ಕಾಲೇಜಿನ ಕ್ಯಾಮರಾದಿಂದ ಫೋಟೋ ತೆಗೆದು ಕಂಪ್ಯೂಟರಿಗೆ ಇಳಿಸಿದೆವು. ಅರ್ಜಿ ತುಂಬಲು ಸಂಘದವರ ಹೆಸರುಗಳ ಪಟ್ಟಿ ಬೇಕಿತ್ತು. ಶಾರದಾ ಸ್ನಾನ ಮಾಡಿ ಬಂದು ಹೇಳುತ್ತೇನೆ ಎಂದಳು. ಕರೆಂಟು ಇರಲಿಲ್ಲ, ಇನ್ವರ್ಟರ್ ನಡೆದಿತ್ತು. ಖಂಡೇ ಪೂಜೆಯ ದಿನ ಮನೆಯ ಹತಾರಗಳನ್ನೆಲ್ಲ ತೊಳೆದು ಒರೆಸಿ ಪೂಜೆಗೆ ಇಡಬೇಕು. ಕಂಪ್ಯೂಟರನ್ನು ಅವಳು ಬೇಡ ಎಂದಿದ್ದಳು. ಕೆಲಸ ಬಾಕಿ ಇರುವ ಹತಾರಕ್ಕೆ ಪೂಜೆ ಆಮೇಲೆ. ಸರಿ, ಒಂಬತ್ತು ದಿನ ದುಡಿದ ಇನ್ವರ್ಟರಿಗಾದರೂ ವಿಭೂತಿ ಹಚ್ಚೋಣ ಎಂದು ನನಗೆ ಭಕ್ತಿ ಉಕ್ಕಿತು. ಒದ್ದೆ ಬಟ್ಟೆ ತಂದು ಅದರ ಮುಖ ಒರೆಸಿದೆ. ಮುಖದ ಮೇಲೊಂದು ಕೆಂಪು ಗುಂಡಿ ಇತ್ತು. ಅದನ್ನೂ ಒತ್ತಿ ಒರೆಸಿದೆ.

ಕಂಪ್ಯೂಟರಿನ ಫ್ಯಾನಿನ ಸದ್ದು ನಿಂತಾಗ ಮನೆ ಅಷ್ಟು ನಿಶ್ಶಬ್ದವಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಇನ್ವರ್ಟರನ್ನು ಮತ್ತೆ ಹಚ್ಚಿದೆ. ಕಂಪ್ಯೂಟರ್ ಏನೂ ಆಗಿಯೇ ಇಲ್ಲವೆಂಬಂತೆ ಎದ್ದಿತು. ಫೋಟೋಗಳಿದ್ದವು. ಮೋಡೆಮ್ಮಿನ ಗುರುತು ಮಾತ್ರ ಇರಲಿಲ್ಲ, ತಪ್ಪು ಮಧ್ಯಸ್ಥ ಕುರ್ಚಿ ಹಿಡಿದಿದ್ದ. ಸ್ನಾನ ಮುಗಿಸಿ ಬಂದ ಶಾರದಾಳಿಗೆ "ಹತ್ತ ನಿಮಿಷ" ಎಂದೆ. ಅವಳು ಹೋಳಿಗೆ ಮಾಡಲು ಹೋದಳು. ನಾನು ನೆನಪಿದ್ದ ಅಪ್ಪಣೆಗಳನ್ನೆಲ್ಲ ಕೊಟ್ಟೆ. ಟೈಪಿಸಿದ್ದರ ನೆನಪನ್ನು ತೆಗೆದು ನೋಡಿದರೆ ಖಾಲಿ. ಬಾಗಿಲು ಮುಚ್ಚಿಕೊಂಡು ಹೋಗಲು ಅದಕ್ಕೆ ನಾನು ಪುರುಸೊತ್ತು ಕೊಟ್ಟಿರಲಿಲ್ಲ. ಎರಡು ಗಂಟೆಗೆ ಬೀಡಾ ತರುವ ನೆಪ ಹೇಳಿ ಸ್ಕೂಟರ್ ಹತ್ತಿ ಸೈಬರ್ ಸೆಂಟರಿಗೆ ಹೋದೆ. ಬಾಗಿಲು ಅರ್ಧ ಎಳೆದಿತ್ತು. ಬಗ್ಗಿ ನೋಡಿದೆ. ಸಾಲಾಗಿ ಆರು ಕಂಪ್ಯೂಟರುಗಳು, ಒಂದೊಂದರ ಹಣೆಗೂ ಕುಂಕುಮ, ಕೊರಳಿಗೆ ಚೆಂಡುಹೂವು, ಮುಂದೆ ಹೋಳು ಮಾಡಿದ ಕಾಯಿ. "ಇವತ್ತ ಮುಟ್ಟೂ ಹಂಗಿಲ್ಲ ಸರ್. ನಾಳೆ ಬನ್ನಿ ಮುಡಿದ ಮ್ಯಾಲೆ ಬರ್ರಿ" ಎಂದ ಮಾಲೀಕ. ಇನ್ನೊಂದು ಸೆಂಟರಿಗೆ ಹೋದೆ. ಅಲ್ಲಿ ಬಾಳೆಕಂಬವನ್ನೂ ಕಟ್ಟಿದ್ದರು. ಇಡೀ ಊರಿನಲ್ಲಿ ಅವತ್ತು ಪೂಜೆಗೆ ಕೂರದ ಕಂಪ್ಯೂಟರ್ ನಮ್ಮದೊಂದೇ, ಅದಕ್ಕೇ ಬುದ್ಧಿ ನೆಟ್ಟಗಿಲ್ಲ.

ಮೂರೂವರೆಗೆ ಶಾರದಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮಾವ ದೇವರ ಕೋಣೆಯಲ್ಲಿ ದೀಪದ ಹತ್ತಿರ ಕೂತಿದ್ದರು. "ಹೋದುವೇನ್ರಿ ಫೋಟೋ?" ಎಂದು ಕೇಳಿದಳು. ಇನ್ನು ಹತ್ತು ನಿಮಿಷ ಎನ್ನಬೇಕೆಂದು ಬಾಯಿ ತೆರೆದೆ. ಅವಳ ಹಣೆಯ ಮೇಲೆ ಹೋಳಿಗೆಯ ಹಿಟ್ಟು ಮೆತ್ತಿತ್ತು. ಸುಳ್ಳು ಬರಲಿಲ್ಲ. "ಇಲ್ಲ. ಇನ್ವರ್ಟರ್ ಆರಿಸಿದಾವ ನಾನ. ಅವತ್ತ ಹ್ಯಾಂಗ ಬಂದಿತ್ತೋ ನನಗ ಗೊತ್ತಿಲ್ಲ. ಅವತ್ತೂ ಗೊತ್ತಿದ್ದಿಲ್ಲ" ಎಂದೆ. ಹನ್ನೊಂದು ಹೆಂಗಸರ ಹೆಸರು ನನ್ನ ಕೈಯಿಂದ ಹೋಯಿತಲ್ಲ ಎಂದು ದುಃಖ ಒತ್ತರಿಸಿ ಬಂತು. ಅವಳು ನನ್ನನ್ನು ನೋಡಿದಳು. "ಗೊತ್ತಿಲ್ಲಂದ್ರ ಕೇಳಬಾರದೇನ್ರಿ? ಬರದೀನಲ್ಲ" ಎಂದು ಒಳಗೆ ಹೋಗಿ ಒಂದು ಚೌಕಳಿ ಪುಸ್ತಕ ತಂದಳು.

ಅದು ದಡಿಯ ಚಿತ್ರ ಬರೆಯುವ ಪುಸ್ತಕ. ಮಾವನ ಮನೆಯಲ್ಲಿ ಒಂದು ರೂಢಿಯಿದೆ. ಹೊಸ ದಡಿ ಹೊಂದುತ್ತಿಲ್ಲ ಎಂದು ಒದ್ದಾಡುತ್ತಿರುವಾಗ ಪಕ್ಕದಲ್ಲಿ ಕೂತವರು ಪ್ರತಿಯೊಂದನ್ನೂ ಬರೆದುಕೊಳ್ಳಬೇಕು. ಯಾವ ಎಳೆ ಎತ್ತಿದರು, ಎಲ್ಲಿ ತಪ್ಪಿದರು, ಎಲ್ಲಿ ಬೇಸತ್ತು ಎದ್ದು ಹೋದರು ಎಲ್ಲವನ್ನೂ. ಹೊಂದಿದ ಮೇಲೆ ಯಾವುದರಿಂದ ಹೊಂದಿತು ಎಂದು ಮಗ್ಗದಲ್ಲಿ ಕೂತವನಿಗೆ ತಿಳಿಯುವುದಿಲ್ಲವಂತೆ. ದೀಪ ಹಾಕಿದ ದಿನ ಶಾರದಾ ಬಾಗಿಲಲ್ಲಿ ಕೂತು, ನಾನು ಟೈಪಿಸಿದ್ದನ್ನು ಒಂದೊಂದು ಅಕ್ಷರಕ್ಕೆ ಒಂದೊಂದು ಮನೆಯಂತೆ ಇಳಿಸಿಕೊಂಡಿದ್ದಳು. ಒಟ್ಟು ಇಪ್ಪತ್ಮೂರು ಸಾಲು.

ಅವಳು ಓದಿದಳು, ನಾನು ಟೈಪಿಸಿದೆ. ಅಪ್ಪಣೆಗಳ ನಡುನಡುವೆ ಕನ್ನಡದ ಸಾಲುಗಳಿದ್ದವು. 'ತಲಿ ಕೆರಕೊಂಡ್ರು.' 'ಪುಸ್ತಕ ಒಗದ್ರು.' ಅವನ್ನೆಲ್ಲ ಹಾರಿಸಿ ಟೈಪಿಸಬೇಕಾದ್ದನ್ನಷ್ಟೇ ಟೈಪಿಸಿದೆ. ಮೋಡೆಮ್ ಅಲುಗಲಿಲ್ಲ. ನಾಲ್ಕು ಗಂಟೆಯಾಗಿತ್ತು. ಒಳಗಿನಿಂದ ಮಾವ, "ಸಾಲು ಬಿಟ್ಟು ನೇಯ್ದ್ರ ಎಲ್ಲಿ ಹೊಂದತೈತಿ?" ಎಂದರು. ಮತ್ತೆ ಮೊದಲಿನಿಂದ ಶುರುಮಾಡಿದೆವು. ಈ ಸಲ ತಲೆ ಕೆರೆದುಕೊಂಡೆ. ಪುಸ್ತಕವನ್ನೂ ಒಗೆದೆ. ಹದಿನೇಳನೆಯ ಸಾಲಿನಲ್ಲಿ ತಪ್ಪು ಮಾಡ್ಯೂಲನ್ನು ಹೊರಗೆ ಕಳಿಸುವ ಅಪ್ಪಣೆ ಬಂತು. ಹದಿನೆಂಟು: 'ಸಿಟ್ಟಿಲೆ ಮೋಡೆಮ್ಮಿನ ತಂತಿ ಕಿತ್ತಿದ್ರು.' ಕಿತ್ತೆ. ಹತ್ತೊಂಬತ್ತು: 'ಒಳಗ ಹೋಗಿ ಒಂದು ತಂಬಿಗಿ ನೀರು ಕುಡದ್ರು.' ಹೋಗಿ ಕುಡಿದು ಬಂದೆ. ಇಪ್ಪತ್ತರಲ್ಲಿ ಸರಿಯಾದ ಮಾಡ್ಯೂಲನ್ನು ಕರೆದೆ. ಅವನು ಖಾಲಿ ಕುರ್ಚಿಗೆ ಬಂದು ಕೂತ.

ಇಪ್ಪತ್ತೊಂದಕ್ಕೆ ಶಾರದಾ ಓದು ನಿಲ್ಲಿಸಿದಳು. "ಇದನ್ನ ಓದ್ಲೋ ಬ್ಯಾಡೋ?" ಎಂದಳು. "ಎಲ್ಲಾ ಓದು, ಒಂದೂ ಬಿಡಬ್ಯಾಡ" ಎಂದೆ ನಾನೇ. ಅವಳು ಉಳಿದ ಸಾಲುಗಳ ಧಾಟಿಯಲ್ಲೇ ಓದಿದಳು: "'ನಿನ್ನ ಸೀರಿ, ನಿನ್ನ ಸಂಘ, ಎಲ್ಲಾ ಹಾಳ ಬಾವಿಗೆ ಬೀಳ್ಲಿ' ಅಂದ್ರು."

ನನಗೆ ನೆನಪೇ ಇರಲಿಲ್ಲ. ಕಿವಿ ಬಿಸಿಯಾಯಿತು. "ನಾ ಹಂಗ ಅಂದ್ನ್ಯಾ?"

"ಅಂದ್ರಿ. ತಂತಿ ಚುಚ್ಚೂಮುಂದ."

"ಮತ್ತ ನೀ ಏನೂ ಅನ್ಲಿಲ್ಲ?"

"ಬರ್ಕೊಳ್ಳಾಕ ಹತ್ತಿದ್ನೆಲ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಒಂಬತ್ತು ದಿನ ಅವಳು ಈ ಸಾಲನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನನಗೆ ಬಡಿಸಿದ್ದಳು, ನನಗಾಗಿ ಸೆಕೆಯಲ್ಲಿ ಕೂತಿದ್ದಳು. "ಅಂದ್ಬಿಡ್ರಿ. ಸಾಲು ಬಿಟ್ರ ಹೊಂದೂದಿಲ್ಲಂತ ಈಗಷ್ಟ ನೋಡೇವಲ್ಲ. ಐದಕ್ಕ ಬಂದ್ ಆಗತೈತಿ" ಎಂದಳು. ಒಳಗೆ ಮಾವ ಕೆಮ್ಮಿದರು. ಮೋಡೆಮ್ ಬೇಕಾದರೆ ಸಾಯಲಿ ಎಂದುಕೊಂಡು, ಆ ಸಾಲನ್ನು ನುಂಗಿ, ಇಪ್ಪತ್ತೆರಡಕ್ಕೆ ಹೋಗಿ ತಂತಿಯನ್ನು ಮತ್ತೆ ಚುಚ್ಚಿದೆ. ಇಪ್ಪತ್ಮೂರನೆಯದನ್ನು ಟೈಪಿಸಿದೆ. ಒಂದು ಹಸಿರು ದೀಪ ಹೊತ್ತಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ನಾಲ್ಕೂ ನಲವತ್ತಕ್ಕೆ ಹನ್ನೊಂದು ಹೆಸರುಗಳು, ಮೂರು ಫೋಟೋಗಳು ಹೋದವು. ಅರ್ಜಿ ತಲುಪಿತೆಂದು ಉತ್ತರ ಬಂತು. ಶಾರದಾ ಕಂಪ್ಯೂಟರನ್ನು ಕ್ರಮವಾಗಿ ಆರಿಸಲು ಹೇಳಿ, ವಿಭೂತಿ ಹಚ್ಚಿ, ಹೂ ಏರಿಸಿದಳು. ನಾನು ನವನಗರಕ್ಕೆ ಫೋನು ಮಾಡಿದೆ. ಅಣ್ಣ ಮೊದಲ ಗಂಟೆಗೇ ಎತ್ತಿದ. ಮುಂದೆ ಸಂಘದವರು ಬೆಂಗಳೂರಿಗೆ ಹೋಗಿ ತಮ್ಮ ಹೆಸರಿನ ಫಲಕದ ಕೆಳಗೆ ಕೂತು ಬಂದರು. ಆ ಫೋಟೋ ನಮ್ಮ ನಡುಮನೆಯಲ್ಲಿದೆ.

ಆಮೇಲೆ ನಾನು ಮೇಷ್ಟ್ರ ಬುದ್ಧಿಯಿಂದ ಒಂದೊಂದೇ ಸಾಲನ್ನು ಬಿಟ್ಟು ನೋಡಿ, ಬೇಕಾದದ್ದು ಬೇಡವಾದದ್ದು ಬೇರೆ ಮಾಡಬೇಕೆಂದುಕೊಂಡೆ. ತಂತಿ ಕೀಳುವುದು ಬೇಕೇ ಬೇಕು, ಮೋಡೆಮ್ ತಣ್ಣಗಾಗಲು ಒಂದು ತಂಬಿಗೆ ನೀರು ಕುಡಿಯುವಷ್ಟು ಹೊತ್ತೂ ಬೇಕು. ಉಳಿದವನ್ನು ಬಿಡುವ ಧೈರ್ಯ ಇನ್ನೂ ಬಂದಿಲ್ಲ. ಹೀಗಾಗಿ ಪ್ರತಿ ಸಲವೂ ತಲೆ ಕೆರೆದುಕೊಳ್ಳುತ್ತೇನೆ. ಬೇಡವೆಂದು ಸಿದ್ಧವಾದದ್ದು ಇಪ್ಪತ್ತೊಂದನೆಯ ಸಾಲು ಒಂದೇ. ಅದನ್ನು ಹೊಡೆದುಹಾಕು ಎಂದು ಶಾರದಾಳನ್ನು ಕೇಳಿಕೊಂಡೆ. "ಒಮ್ಮೆ ಮಾಡಿದ ಪ್ರಯೋಗ ನಂಬಬಾರದಂತ ನೀವ ಹೇಳ್ತೀರಲ್ಲ" ಎಂದು ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟಳು. ಹಾಗಾಗಿ ಕನೆಕ್ಷನ್ ಹೋದಾಗಲೆಲ್ಲ, ನೀರು ಕುಡಿದು ಬಂದು, ಅವಳು ಪೆನ್ನು ಹಿಡಿದು ಕೂತಿದ್ದಾಳೋ ಎಂದು ಬಾಗಿಲ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು ತಂತಿ ಚುಚ್ಚುತ್ತೇನೆ.